ಅರಗಿನ ತಟ್ಟೆ, ವಿನೈಲ್ ತಟ್ಟೆ

ಕಿರಾಣಾ ಗಾಯನದ ಧ್ವನಿತಟ್ಟೆಗಳನ್ನು ಆರಿಸುವಾಗ ನಾದದ ಶುಭ್ರತೆಯೊಂದನ್ನೇ ಅಳತೆಗೋಲಾಗಿಸಿದರೆ ಕುಂದಗೋಳದ ಸವಾಯಿ ಗಂಧರ್ವರು ಹೊರಗುಳಿಯುತ್ತಾರೆ. 1952ರಲ್ಲಿ ಪುಣೆಯಲ್ಲಿ ತೀರಿಕೊಂಡ ಅವರ ಕಂಠ ನಮಗೆ ಉಳಿದಿರುವುದು ಬಹುಮಟ್ಟಿಗೆ ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ತಟ್ಟೆಗಳಲ್ಲಿ. ಮಗ್ಗುಲಿಗೆ ಮೂರು ನಿಮಿಷ ಚಿಲ್ಲರೆ; ರಾಗವಿಸ್ತಾರಕ್ಕೆ ಎಡೆಯಿಲ್ಲ.

ಪುಣೆಯಲ್ಲಿ ನೆಲೆಸಿ, 1953ರಿಂದ ಗುರುವಿನ ಹೆಸರಿನ ಸಂಗೀತೋತ್ಸವ ನಡೆಸಿದ ಶಿಷ್ಯ, ಗದಗಿನ ಭೀಮಸೇನ ಜೋಶಿಯವರಿಗೆ ವಿನೈಲ್ ದೊರೆಯಿತು: ಮಗ್ಗುಲಿಗೆ ಸುಮಾರು 20 ನಿಮಿಷ. ಸದ್ದು ತಿಳಿಯಾಯಿತು, ಅದಕ್ಕಿಂತ ಮಿಗಿಲಾಗಿ, ಸ್ವರದ ಮೇಲೆ ನಿಲ್ಲಲು ಕಾಲ ಒದಗಿತು. ಬಡಾ ಖ್ಯಾಲಿಗೆ ಅದನ್ನೇ ಆರಿಸಬೇಕು. ಆದರೆ ಬಾಲಕ ಭೀಮಸೇನರಿಗೆ ಸಂಗೀತದ ಹುಚ್ಚು ಹಿಡಿಸಿದ್ದು ಸವಾಯಿಯವರ ಗುರು ಅಬ್ದುಲ್ ಕರೀಂ ಖಾನರ ಅರಗಿನ ತಟ್ಟೆ. ಗೀಚುಸದ್ದಿನ ಅಡಿಯಲ್ಲಿ ಶ್ರುತಿ ಕದಲದೆ ನಿಂತಿದ್ದರೆ ಅಂಥ ತಟ್ಟೆಯನ್ನು ಕೈಬಿಡಲಾಗದು.