‘ಮಾರ್ಟ್‌ಗೇಜ್’ ಅಂದ್ರೆ ಏನು? ಈ ಇಂಗ್ಲಿಷ್ ಪದದೊಳಗೆ ‘ಸಾವು’ ಬಂದಿದ್ದು ಹೇಗೆ?

ಸಾಲಕ್ಕೆ ಅಂತ ಬ್ಯಾಂಕಿಗೆ ಹೋದವರಿಗೆ, ಸಬ್ ರಿಜಿಸ್ಟ್ರಾರ್ ಕಚೇರಿ ಮುಂದೆ ಪತ್ರ ಬರೆಸೋಕೆ ಕೂತವರಿಗೆ ಒಂದಲ್ಲ ಒಂದು ದಿನ ಎದುರಾಗೋ ಪದ ‘ಮಾರ್ಟ್‌ಗೇಜ್’. ಸಹಿ ಹಾಕೋ ಹಾಳೆಯಲ್ಲೇ ನಾಲ್ಕೈದು ಸಲ ಇರುತ್ತೆ. ಹೆಚ್ಚಿನವರು ಓದಲ್ಲ, ಓದಿದವರು ಕೇಳಲ್ಲ. ಹಾಗಾಗಿ ಇವತ್ತು ಇದೊಂದೇ ಪದ.

ಮೊದಲು ಉಚ್ಚಾರಣೆ. ಸ್ಪೆಲ್ಲಿಂಗ್ ನಡುವೆ ‘ಟಿ’ ಇದೆ, ಬಾಯಲ್ಲಿ ಬರಬಾರದು. ‘ಮಾರ್ಗೇಜ್’ ಅಂದರೆ ಸಾಕು. ಹಳೇ ಇಂಗ್ಲಿಷಿನಲ್ಲಿ ಈ ‘ಟಿ’ ಇಲ್ಲದೆಯೇ ಬರೀತಿದ್ದರು. ಆಮೇಲೆ ಲ್ಯಾಟಿನ್ ಗೊತ್ತಿದ್ದ ಪಂಡಿತರು ಅದನ್ನ ಮತ್ತೆ ತಂದು ಸೇರಿಸಿದರು.

ಅರ್ಥ ಸರಳ. ಸಾಲಕ್ಕೆ ಭದ್ರತೆಯಾಗಿ ಜಮೀನು, ಮನೆ, ಸೈಟಿನಂಥ ಸ್ಥಿರಾಸ್ತಿಯ ಮೇಲಿನ ಒಂದು ಹಕ್ಕನ್ನು ಸಾಲ ಕೊಟ್ಟವರಿಗೆ ವರ್ಗಾಯಿಸೋದು. ಕನ್ನಡದಲ್ಲಿ ಅಡಮಾನ. ಚಿನ್ನ ಇಟ್ಟರೆ ಅದು ಮಾರ್ಗೇಜ್ ಅಲ್ಲ, ‘ಪ್ಲೆಡ್ಜ್’, ಅಂದರೆ ನಮ್ಮ ಗಿರವಿ. ಬೈಕು, ಟ್ರ್ಯಾಕ್ಟರ್ ಸಾಲದಲ್ಲಿ ಬರೋದು ‘ಹೈಪಾಥಿಕೇಶನ್’: ಗಾಡಿ ನಿಮ್ಮ ಹತ್ತಿರವೇ ಇರುತ್ತೆ, ಆರ್‌ಸಿಯಲ್ಲಿ ಮಾತ್ರ ಫೈನಾನ್ಸ್‌ನವರ ಹೆಸರು ಇರುತ್ತೆ.

ಇನ್ನು ಹುಟ್ಟು. ಇದು ಹಳೇ ಫ್ರೆಂಚಿನ ಎರಡು ಪದ ಸೇರಿ ಆಗಿದ್ದು. ‘ಮೋರ್ಟ್’ ಅಂದರೆ ಸತ್ತ, ‘ಗೇಜ್’ ಅಂದರೆ ಒತ್ತೆ. ಸತ್ತ ಒತ್ತೆ! ಮೊದಲ ಅರ್ಧದ ಲ್ಯಾಟಿನ್ ಬೇರು ನಮಗೆಲ್ಲ ಗೊತ್ತಿರೋದೇ. ಪೋಸ್ಟ್‌ಮಾರ್ಟಂ, ಮಾರ್ಚುರಿ ಎರಡೂ ಅದರ ಸಂತಾನ. ಆಕ್ಸಿಡೆಂಟ್ ಸುದ್ದಿಗೆ ಅಂತ ವಾರಕ್ಕೆರಡು ಸಲ ಜಿಲ್ಲಾಸ್ಪತ್ರೆ ಹಿಂಬಾಗಿಲಿಗೆ ಹೋಗೋ ನನಗೂ ಈ ನಂಟು ಹೊಳೆದಿರಲಿಲ್ಲ. ಎರಡನೇ ಅರ್ಧದ ನೆಂಟ ಯಾರು ಗೊತ್ತಾ? ‘ಎಂಗೇಜ್‌ಮೆಂಟ್’. ಮಾತು ಒತ್ತೆ ಇಡೋದು ಅಂತ.

ಒತ್ತೆ ಸಾಯೋದು ಹೇಗೆ? ಇದಕ್ಕೆ ಎರಡು ವಿವರಣೆ ಇವೆ. ಪ್ರಸಿದ್ಧವಾದದ್ದು 17ನೇ ಶತಮಾನದ ಇಂಗ್ಲೆಂಡಿನ ನ್ಯಾಯಾಧೀಶ ಎಡ್ವರ್ಡ್ ಕೋಕ್ ಕೊಟ್ಟಿದ್ದು. ಸಾಲ ತೀರಿಸದಿದ್ದರೆ ಜಮೀನು ಸಾಲಗಾರನ ಪಾಲಿಗೆ ಸತ್ತಂತೆ, ತೀರಿಸಿದರೆ ಒತ್ತೆ ಸಾಲ ಕೊಟ್ಟವನ ಪಾಲಿಗೆ ಸತ್ತಂತೆ. ಕೇಳೋಕೆ ಚೆನ್ನಾಗಿದೆ. ಆದರೆ ಅದಕ್ಕೂ ನಾನೂರು ವರ್ಷ ಹಿಂದಿನ, ಗ್ಲಾನ್ವಿಲ್ ಹೆಸರಿನ ಕಾನೂನು ಪುಸ್ತಕದಲ್ಲಿ ಇರೋದು ಬೇರೆ ಲೆಕ್ಕ, ನನಗೆ ಹಿಡಿಸಿದ್ದೂ ಅದೇ. ಜಮೀನಿನ ಫಸಲು, ಬಾಡಿಗೆ ಸಾಲಕ್ಕೆ ಜಮಾ ಆಗಿ ಅಸಲು ಕರಗುತ್ತಾ ಹೋದರೆ ಅದು ‘ಜೀವಂತ ಒತ್ತೆ’. ಫಸಲೆಲ್ಲ ಸಾಲ ಕೊಟ್ಟವನು ತಿಂದು, ಅಸಲು ಹಾಗೇ ನಿಂತರೆ ‘ಸತ್ತ ಒತ್ತೆ’. ಇದನ್ನ ಬಡ್ಡಿ ವ್ಯವಹಾರದ ಪಾಪ ಅಂತಲೇ ಆ ಪುಸ್ತಕ ಎಣಿಸಿದೆ.

ಇದನ್ನ ಓದಿದಾಗ ನೆನಪಾಗಿದ್ದು ನಮ್ಮ ಭೋಗ್ಯ. ಗದ್ದೆ ಭೋಗ್ಯಕ್ಕೆ ಹಾಕಿದರೆ ಬೆಳೆ ಅವರಿಗೆ, ಹತ್ತು ವರ್ಷ ಆದಮೇಲೂ ಕೊಡಬೇಕಾದ ದುಡ್ಡು ಅಷ್ಟೇ. ನಮ್ಮ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 58ನೇ ಸೆಕ್ಷನ್‌ನಲ್ಲಿ ಆರು ಬಗೆಯ ಮಾರ್ಗೇಜ್ ಇವೆ, ಭೋಗ್ಯವೂ ಅದರಲ್ಲೊಂದು. ಕಾಯ್ದೆ ಎರಡೂ ದಾರಿ ಬಿಟ್ಟಿದೆ: ಫಸಲನ್ನ ಬರೀ ಬಡ್ಡಿಗೆ ಹಿಡಿಯಬಹುದು, ಅಸಲಿಗೂ ಹಿಡಿಯಬಹುದು. ಯಾವುದು ಅನ್ನೋದು ಪತ್ರದಲ್ಲಿ ಬರೆದಂತೆ. ಬರೆಸೋವಾಗ ಬಾಯಿಬಿಟ್ಟು ಕೇಳಬೇಕಾದ ಸಾಲು ಇದು.

ಆ ಆರರಲ್ಲೇ ಇನ್ನೊಂದು ‘ಷರತ್ತಿನ ಕ್ರಯದ ಅಡಮಾನ’. ನಮ್ಮ ಕಡೆ ಜನ ಕೆಡೋದು ಇಲ್ಲೇ. ಸಾಲ ಬೇಕು ಅಂದಾಗ ‘ಸುಮ್ನೆ ಒಂದು ಕ್ರಯಪತ್ರ ಮಾಡಿಕೊಡಿ, ದುಡ್ಡು ಕೊಟ್ಟ ದಿನ ವಾಪಸ್ ಬರೆದುಕೊಡ್ತೀವಿ’ ಅಂತಾರೆ. ನಮ್ಮ ದೊಡ್ಡಪ್ಪ ಮಾಡಿದ್ದು ಅದನ್ನೇ. ವಾಪಸ್ ಕೊಡೋ ಮಾತು ಬೇರೆ ಬಿಳಿ ಹಾಳೇಲಿತ್ತು, ನೋಂದಣಿ ಆಗಿದ್ದು ಮಾತ್ರ ಶುದ್ಧ ಕ್ರಯ. ದುಡ್ಡು ಹೊಂದಿಸಿಕೊಂಡು ಹೋದಾಗ ‘ಯಾವ ಅಡಮಾನ?’ ಅಂದರು. 1929ರ ತಿದ್ದುಪಡಿ ಪ್ರಕಾರ, ವಾಪಸ್ ಕೊಡೋ ಷರತ್ತು ಕ್ರಯಪತ್ರದ ಒಳಗೇ ಇರದಿದ್ದರೆ ಅದನ್ನ ಅಡಮಾನ ಅಂತ ಪರಿಗಣಿಸೋ ಹಾಗಿಲ್ಲ. ಆ ಜಮೀನಲ್ಲಿ ಈಗ ಬೇರೆಯವರ ಅಡಿಕೆ ಸಸಿ ಇದೆ.

ನಿಜವಾದ ಅಡಮಾನ ಆಗಿದ್ದರೆ ದುಡ್ಡು ಕಟ್ಟಿ ಬಿಡಿಸಿಕೊಳ್ಳೋ ಹಕ್ಕು ಇರುತ್ತೆ, ಅದು 60ನೇ ಸೆಕ್ಷನ್. ಬಿಡಿಸಿಕೊಡಿ ಅಂತ ದಾವೆ ಹೂಡೋಕೆ ಸಾಮಾನ್ಯವಾಗಿ 30 ವರ್ಷ ಕಾಲಾವಕಾಶ. ಭೋಗ್ಯದಲ್ಲಿ, ಬರೆದುಕೊಟ್ಟ ದಿನದಿಂದ 30 ವರ್ಷ ಕಳೆಯಿತು ಅನ್ನೋ ಒಂದೇ ಕಾರಣಕ್ಕೆ ಈ ಹಕ್ಕು ಹೋಗಲ್ಲ ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ.

ಬಳಕೆಯಲ್ಲಿ ಒಂದು ಗೊಂದಲ ಇದೆ. ಪತ್ರದಲ್ಲಿ ‘ಮಾರ್ಗೇಜರ್’ ಅಂದರೆ ಬ್ಯಾಂಕ್ ಅಲ್ಲ, ನೀವು. ಅವರು ಕೊಡೋದು ಸಾಲ, ಅಡಮಾನ ಕೊಡೋರು ನೀವೇ. ಬ್ಯಾಂಕು ‘ಮಾರ್ಗೇಜೀ’. ಇಂಗ್ಲಿಷಿನಲ್ಲಿ ಭವಿಷ್ಯವನ್ನೂ ಮಾರ್ಗೇಜ್ ಮಾಡ್ತಾರೆ. ನಮ್ಮ ಪ್ರೆಸ್‌ಮೀಟ್‌ಗಳಲ್ಲಿ ವಾರಕ್ಕೊಬ್ಬರು ಸ್ವಾಭಿಮಾನ ಅಡವಿಟ್ಟ ಸುದ್ದಿ ಬರುತ್ತಲ್ಲ, ಅದೇ ಥರ.

ಸಾಲ ತೀರಿದ ಮೇಲೆ ಒತ್ತೆ ತಾನಾಗಿ ಕಾಗದದಿಂದ ಅಳಿಸಿಹೋಗಲ್ಲ. ಪಹಣಿಯ 11ನೇ ಕಾಲಂನಲ್ಲಿ ಋಣದ ನಮೂದು, ಇಸಿಯಲ್ಲಿ ಅಡಮಾನದ ಸಾಲು ಎರಡನ್ನೂ ತೆಗೆದು ನೋಡಿ. ಗೃಹಸಾಲದಂಥ ವೈಯಕ್ತಿಕ ಸಾಲ ಪೂರ್ತಿ ತೀರಿದ 30 ದಿನದೊಳಗೆ ಮೂಲ ದಾಖಲೆ ವಾಪಸ್ ಕೊಡಬೇಕು, ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಅನ್ನೋ ರಿಸರ್ವ್ ಬ್ಯಾಂಕ್ ನಿಯಮ 2023ರ ಡಿಸೆಂಬರ್ 1ರಿಂದ ಇದೆ. ಅರ್ಜಿ ಕೊಡೋವಾಗ ಸ್ವೀಕೃತಿ ಸೀಲ್ ಹಾಕಿಸಿಕೊಳ್ಳೋದು ಮರೀಬೇಡಿ.