ನಗೆಮಾತು, ನಷ್ಟಪರಿಹಾರ, ವಿಮೆ: ಅಮೆರಿಕದ ಹಣಕಾಸು ಸಂಸ್ಥೆಗಳ ಉದ್ಯೋಗ ನಡಾವಳಿ ಹೊಣೆಗಾರಿಕೆಯ ಚರಿತ್ರೆ

ಅಮೆರಿಕದ ಜಾನಪದ ವಿದ್ವಾಂಸ ಅಲನ್ ಡಂಡೆಸ್ ಅವರು ಕಾರ್ಲ್ ಪ್ಯಾಗ್ಟರ್ ಅವರೊಡಗೂಡಿ 1975ರಲ್ಲಿ ಹೊರತಂದ ಸಂಗ್ರಹವೊಂದು ಕಚೇರಿಯನ್ನೇ ಜಾನಪದದ ಕ್ಷೇತ್ರವೆಂದು ಪರಿಗಣಿಸಿತು. ನಕಲುಯಂತ್ರದಲ್ಲಿ ಪ್ರತಿಯಾಗಿ ಮೇಜಿನಿಂದ ಮೇಜಿಗೆ ಸಾಗುತ್ತಿದ್ದ ಹುಸಿ ಸುತ್ತೋಲೆ, ವ್ಯಂಗ್ಯಚಿತ್ರ, ಪಟ್ಟಿರೂಪದ ನಗೆಬರಹಗಳಿಗೆ ಗೊತ್ತಾದ ಕರ್ತೃವಿಲ್ಲ, ಪಾಠಾಂತರಗಳು ಹೇರಳವಾಗಿವೆ. ಆದುದರಿಂದ ಅವೂ ಜಾನಪದವೇ ಎಂಬುದು ಅವರ ನಿಲುವು. ನಮ್ಮ ಅಧ್ಯಯನಪೀಠಗಳು ಈ ನಿಲುವನ್ನು ಬಹುಮಟ್ಟಿಗೆ ಒಪ್ಪಿಕೊಂಡಿವೆ. ಆದರೆ ಅದೇ ಸಾಮಗ್ರಿ ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಹಾಜರಾದಾಗ ಏನಾಗುತ್ತದೆ ಎಂಬ ಪ್ರಶ್ನೆಯನ್ನು ನಾವು ಕೇಳಿಕೊಂಡದ್ದು ಕಡಿಮೆ. ಕರ್ತೃವಿಲ್ಲದ ಮಾತಿಗೂ ನ್ಯಾಯಾಲಯ ಹೊಣೆಗಾರನೊಬ್ಬನನ್ನು ಹುಡುಕುತ್ತದೆ. ಹೊಣೆಗಾರನಾದವನು ಆ ಭಾರವನ್ನು ಇಳಿಸಿಕೊಳ್ಳಲು ವಿಮೆಯನ್ನು ಹುಡುಕುತ್ತಾನೆ. ಉದ್ಯೋಗ ನಡಾವಳಿ ಹೊಣೆಗಾರಿಕೆ ವಿಮೆಯ ಚರಿತ್ರೆಯನ್ನು ಈ ದಿಕ್ಕಿನಿಂದ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

1964ರ ನಾಗರಿಕ ಹಕ್ಕುಗಳ ಕಾಯಿದೆಯ ಏಳನೆಯ ಅಧ್ಯಾಯವು ವರ್ಣ, ಮತ, ಲಿಂಗ ಮೊದಲಾದವುಗಳ ಆಧಾರದ ಮೇಲೆ ಉದ್ಯೋಗದಲ್ಲಿ ತಾರತಮ್ಯ ಮಾಡುವುದನ್ನು ನಿಷೇಧಿಸಿತು. ಆದರೆ ಅದರಡಿ ದೊರೆಯುತ್ತಿದ್ದ ಪರಿಹಾರವೆಂದರೆ ಮುಖ್ಯವಾಗಿ ಬಾಕಿ ವೇತನ ಮತ್ತು ಮರುನೇಮಕ ಮಾತ್ರ. ಕಿರುಕುಳವೂ ತಾರತಮ್ಯವೇ ಎಂಬುದನ್ನು ಸರ್ವೋಚ್ಚ ನ್ಯಾಯಾಲಯ ಒಪ್ಪಿದ್ದು ಬ್ಯಾಂಕೊಂದರ ಮೊಕದ್ದಮೆಯಲ್ಲಿ ಎಂಬುದು ಇಲ್ಲಿ ಗಮನಾರ್ಹ. ವಾಷಿಂಗ್ಟನ್ ನಗರದ ಬ್ಯಾಂಕ್ ಶಾಖೆಯೊಂದಕ್ಕೆ 1974ರಲ್ಲಿ ತರಬೇತಿ ಗುಮಾಸ್ತೆಯಾಗಿ ಸೇರಿ, ಸಹಾಯಕ ವ್ಯವಸ್ಥಾಪಕಿಯ ಹುದ್ದೆಗೇರಿದ ಮಹಿಳೆಯೊಬ್ಬರು ಮೇಲಧಿಕಾರಿಯ ವಿರುದ್ಧ ಹೂಡಿದ ದಾವೆ ಅದು. ‘ಮೆರಿಟರ್ ಸೇವಿಂಗ್ಸ್ ಬ್ಯಾಂಕ್ ವಿರುದ್ಧ ವಿನ್ಸನ್’ ಎಂದು ಪ್ರಸಿದ್ಧವಾದ 1986ರ ಈ ತೀರ್ಪು, ಆರ್ಥಿಕ ನಷ್ಟವಾಗದಿದ್ದರೂ ಕೆಲಸದ ವಾತಾವರಣವೇ ಹಗೆತನದಿಂದ ಕೂಡಿದ್ದರೆ ಅದು ಕಾಯಿದೆಯ ಉಲ್ಲಂಘನೆಯೆಂದು ಸಾರಿತು. ‘ವಾತಾವರಣ’ವೆಂಬುದು ಕಾನೂನಿನ ಪರಿಭಾಷೆಯಾದೊಡನೆ ಗೋಡೆಯ ಮೇಲಿನ ಚಿತ್ರ, ಊಟದ ವೇಳೆಯ ಚಾಟೂಕ್ತಿ, ಅಡ್ಡಹೆಸರು ಎಲ್ಲವೂ ವಿಚಾರಣೆಯ ವಸ್ತುಗಳಾದವು.

ವಿಮೆಯ ದೃಷ್ಟಿಯಿಂದ ನಿರ್ಣಾಯಕವಾದ ವರ್ಷ 1991. ಕ್ಲಾರೆನ್ಸ್ ಥಾಮಸ್ ಅವರ ನೇಮಕದ ಸಂದರ್ಭದಲ್ಲಿ ಅನಿತಾ ಹಿಲ್ ಅವರು ನೀಡಿದ ಸಾಕ್ಷ್ಯವನ್ನು ಆ ಅಕ್ಟೋಬರಿನಲ್ಲಿ ಇಡೀ ದೇಶ ದೂರದರ್ಶನದಲ್ಲಿ ನೋಡಿತು; ನವೆಂಬರಿನಲ್ಲಿ ತಿದ್ದುಪಡಿ ಕಾಯಿದೆಗೆ ಅಂಕಿತ ಬಿದ್ದಿತು. ಜ್ಯೂರಿ ವಿಚಾರಣೆಯೂ ಮನೋವೇದನೆಯ ಪರಿಹಾರವೂ ದಂಡರೂಪದ ಪರಿಹಾರವೂ ಅದರಿಂದ ಸಾಧ್ಯವಾದವು. ನೌಕರರ ಸಂಖ್ಯೆಗನುಗುಣವಾಗಿ 50,000 ಡಾಲರಿನಿಂದ 3,00,000 ಡಾಲರಿನವರೆಗೆ ಮಿತಿ ವಿಧಿಸಲಾಯಿತಾದರೂ, ವರ್ಣಭೇದದ ದಾವೆಗಳಿಗೆ 1866ರಷ್ಟು ಹಳೆಯ ಕಾನೂನಿನಡಿ ಅಂತಹ ಮಿತಿಯಿರಲಿಲ್ಲ. ಸಾಮಾನ್ಯ ಹೊಣೆಗಾರಿಕೆಯ ಪಾಲಿಸಿಗಳಿಂದ ಉದ್ಯೋಗ ಸಂಬಂಧಿ ದಾವೆಗಳನ್ನು ಹೊರಗಿಡುತ್ತ ಬಂದ ವಿಮಾದಾರರು 1990ರ ದಶಕದಲ್ಲಿ ಅದಕ್ಕೆಂದೇ ಪ್ರತ್ಯೇಕ ಪಾಲಿಸಿಯನ್ನು ಬೆಳೆಸಿದರು.

ಈ ಪಾಲಿಸಿಯ ಸ್ವರೂಪ ಸ್ವಾರಸ್ಯಕರವಾದುದು. ತಪ್ಪು ನಡೆದ ದಿನವಲ್ಲ, ದೂರು ಬಂದ ದಿನವೇ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಅನ್ಯಾಯದ ವಜಾ, ತಾರತಮ್ಯ, ಕಿರುಕುಳ, ದೂರಿತ್ತವರ ಮೇಲಿನ ಪ್ರತೀಕಾರ ಇವು ರಕ್ಷಣೆಯ ಒಳಗೆ. ಕನಿಷ್ಠ ವೇತನ ಮತ್ತು ಹೆಚ್ಚುವರಿ ದುಡಿಮೆಯ ಬಾಕಿ, ಕಾರ್ಮಿಕ ಸಂಘದ ವ್ಯಾಜ್ಯಗಳು ಸಾಮಾನ್ಯವಾಗಿ ಹೊರಗೆ. ವಕೀಲರ ಖರ್ಚೂ ಬಹುತೇಕ ವಿಮಾಮೊತ್ತದಿಂದಲೇ ಕಳೆಯುವುದರಿಂದ ವ್ಯಾಜ್ಯ ಬೆಳೆದಷ್ಟೂ ಪರಿಹಾರಕ್ಕೆ ಉಳಿಯುವ ಹಣ ಕರಗುತ್ತದೆ. ವಿಮಾದಾರ ಸೂಚಿಸಿದ ರಾಜಿಯನ್ನು ಮಾಲೀಕ ಒಪ್ಪದಿದ್ದರೆ ಮುಂದಿನ ಹೆಚ್ಚಿನ ಹೊರೆ ಮಾಲೀಕನದೇ ಎಂಬ ನಿಬಂಧನೆಗೆ ಆ ವೃತ್ತಿಯವರ ಆಡುಮಾತಿನಲ್ಲಿ ‘ಸುತ್ತಿಗೆ ಷರತ್ತು’ ಎಂದು ಹೆಸರು. ವೃತ್ತಿಪದಕೋಶಗಳನ್ನು ಸಂಗ್ರಹಿಸುವ ನಮ್ಮಂಥವರಿಗೆ ಇಂತಹ ಒಂದು ಪದ ಹತ್ತು ಪುಟಗಳ ವಿವರಣೆಗೆ ಸಮ. ದಂಡರೂಪದ ಪರಿಹಾರಕ್ಕೆ ವಿಮೆ ಸಲ್ಲದೆಂಬುದು ನ್ಯೂಯಾರ್ಕ್ ರಾಜ್ಯದ ನಿಲುವು. ಬೇರೆ ಕೆಲವು ರಾಜ್ಯಗಳಲ್ಲಿ ಅದು ಸಲ್ಲುತ್ತದೆ.

ಹಣಕಾಸು ಸಂಸ್ಥೆಗಳಿಗೆ ಈ ಅಪಾಯ ತೀವ್ರವಾದುದಕ್ಕೆ ಅಲ್ಲಿನ ದೊಡ್ಡ ಸಂಬಳವಷ್ಟೇ ಕಾರಣವಲ್ಲ. ಸ್ಮಿತ್ ಬಾರ್ನಿ ಸಂಸ್ಥೆಯ ಲಾಂಗ್ ಐಲೆಂಡ್ ಶಾಖೆಯ ನೆಲಮಾಳಿಗೆಯಲ್ಲಿ ಪುರುಷ ದಲ್ಲಾಳಿಗಳು ಕುಡಿದು ಮೋಜು ಮಾಡುತ್ತಿದ್ದ ಕೋಣೆಗೆ ‘ಬೂಮ್ ಬೂಮ್ ರೂಮ್’ ಎಂಬ ಹೆಸರಿತ್ತು. 1996ರಲ್ಲಿ ಮಹಿಳಾ ಉದ್ಯೋಗಿಗಳು ಹೂಡಿದ ಸಾಮೂಹಿಕ ದಾವೆಯಲ್ಲಿ ಆ ಹೆಸರು ದೇಶಕ್ಕೆಲ್ಲ ತಿಳಿಯಿತು. ಕಡೆಗೆ ಸುಮಾರು 2,000 ಮಹಿಳೆಯರು ಪರಿಹಾರ ಕೋರಿ ಮುಂದೆ ಬಂದರು. ತೈಲ ಸಂಸ್ಥೆ ಶೆವ್ರಾನ್ 1995ರಲ್ಲಿ 22 ಲಕ್ಷ ಡಾಲರ್ ಕೊಟ್ಟು ಇತ್ಯರ್ಥಪಡಿಸಿಕೊಂಡ ದಾವೆಯಲ್ಲಿ ಹೆಂಗಸಿಗಿಂತ ಬಿಯರ್ ಏಕೆ ಮೇಲು ಎಂಬ ಇ-ಮೇಲ್ ಪಟ್ಟಿಯೂ ಸಾಕ್ಷ್ಯವಾಗಿತ್ತು. ಡಂಡೆಸ್ ಮತ್ತು ಪ್ಯಾಗ್ಟರ್ ಸಂಗ್ರಹಿಸಿದ ಪಟ್ಟಿರೂಪದ ನಗೆಬರಹದ ಪ್ರಕಾರಕ್ಕೇ ಅದು ಸೇರುತ್ತದೆ. ಇದಕ್ಕೆ ಪ್ರತಿಯಾಗಿ, ಮಾರ್ಗನ್ ಸ್ಟ್ಯಾನ್ಲಿಯ ಕಪ್ಪುಜನಾಂಗದ ಇಬ್ಬರು ನೌಕರರು ಜನಾಂಗೀಯ ನಗೆಬರಹದ ಇ-ಮೇಲ್ ಕುರಿತು ಹೂಡಿದ್ದ ದಾವೆಯಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯವು 1997ರಲ್ಲಿ, ಒಂದೇ ಒಂದು ಸಂದೇಶ ಎಷ್ಟೇ ಖಂಡನೀಯವಾದರೂ ಅದರಿಂದಲೇ ಹಗೆತನದ ವಾತಾವರಣ ರೂಪುಗೊಳ್ಳದೆಂದಿತು. ಪುನರಾವರ್ತನೆಯೇ ಜಾನಪದದ ಲಕ್ಷಣವೆಂದು ನಾವು ಬೋಧಿಸುತ್ತೇವೆ. ನ್ಯಾಯಾಲಯಕ್ಕೆ ಪುನರಾವರ್ತನೆಯೇ ಅಪರಾಧದ ಅಳತೆಗೋಲಾಯಿತು. ಪಠ್ಯವನ್ನಷ್ಟೇ ಸಂಗ್ರಹಿಸಿ, ಅದನ್ನು ಯಾರ ಮುಂದೆ, ಯಾರನ್ನು ಕುಗ್ಗಿಸಲು ಹೇಳಲಾಯಿತೆಂಬುದನ್ನು ಬಿಟ್ಟ ಸಂಗ್ರಹ ಅರೆಬರೆಯೆಂಬುದು ನನ್ನ ದೃಢವಾದ ಅಭಿಪ್ರಾಯ.

ಷೇರು ದಲ್ಲಾಳಿಗಳ ವಿಷಯದಲ್ಲಿ ಇನ್ನೂ ಒಂದು ತೊಡಕಿತ್ತು. ನೋಂದಣಿಯ ನಮೂನೆಗೆ ಸಹಿ ಹಾಕಿದವರು ತಮ್ಮ ವ್ಯಾಜ್ಯವನ್ನು ಮಧ್ಯಸ್ಥಿಕೆಗೇ ಒಯ್ಯಬೇಕೆಂಬುದನ್ನು ಸರ್ವೋಚ್ಚ ನ್ಯಾಯಾಲಯ 1991ರ ಗಿಲ್ಮರ್ ಪ್ರಕರಣದಲ್ಲಿ ಎತ್ತಿಹಿಡಿಯಿತು. ತಾರತಮ್ಯದ ದಾವೆಗಳ ಮಟ್ಟಿಗೆ ಆ ನೋಂದಣಿಯ ಕಡ್ಡಾಯ 1999ರಲ್ಲಿ ತೆರವಾದರೂ ಸಂಸ್ಥೆಗಳು ತಮ್ಮದೇ ಕರಾರುಗಳಲ್ಲಿ ಅದನ್ನು ಉಳಿಸಿಕೊಳ್ಳಬಹುದಾಗಿತ್ತು. ಲೈಂಗಿಕ ಕಿರುಕುಳದ ದೂರುಗಳನ್ನು ಅಂತಹ ಕರಾರಿನಿಂದ ಬಿಡಿಸಿದ್ದು 2022ರ ಕಾಯಿದೆ.

1998ರಲ್ಲಿ ಸರ್ವೋಚ್ಚ ನ್ಯಾಯಾಲಯವು ಫ್ಯಾರಾಗರ್ ಮತ್ತು ಎಲ್ಲರ್ತ್ ಪ್ರಕರಣಗಳಲ್ಲಿ, ಕಿರುಕುಳ ತಡೆಯಲು ಸಮಂಜಸವಾದ ಏರ್ಪಾಡು ಮಾಡಿದ ಮಾಲೀಕನಿಗೆ ಕೆಲವು ಸಂದರ್ಭಗಳಲ್ಲಿ ಪ್ರತಿವಾದದ ಅವಕಾಶವಿತ್ತಿತು. ಅಲ್ಲಿಂದ ಮುಂದೆ ಕೈಪಿಡಿ, ತರಬೇತಿ, ದೂರವಾಣಿ ಸಹಾಯಕೇಂದ್ರಗಳನ್ನು ವಿಮಾದಾರರೇ ಒದಗಿಸುವ ಪರಿಪಾಠ ಬಲಗೊಂಡಿತು. ಇಂತಹ ಏರ್ಪಾಡುಗಳು ಹಲವೆಡೆ ಸಾಂಕೇತಿಕವಾಗಿಯೇ ಉಳಿಯುತ್ತವೆಂದು ಸಮಾಜಶಾಸ್ತ್ರಜ್ಞೆ ಲಾರೆನ್ ಎಡೆಲ್ಮನ್ 2016ರ ತಮ್ಮ ಗ್ರಂಥದಲ್ಲಿ ವಾದಿಸಿದ್ದಾರೆ. ಆಚರಣೆಯ ಹೊರರೂಪವೇ ಫಲವೆಂದು ಭಾವಿಸಲ್ಪಡುವ ಸಂದರ್ಭಗಳು ನಮಗೆ ಅಪರಿಚಿತವಲ್ಲ.

ಅಮೆರಿಕದ ಹೂಡಿಕೆ ಬ್ಯಾಂಕುಗಳ ಕಚೇರಿಗಳು ಬೆಂಗಳೂರಿನಲ್ಲಿಯೂ ಇವೆ. ಗೋಲ್ಡ್‌ಮನ್ ಸ್ಯಾಕ್ಸ್ ಇಲ್ಲಿಗೆ ಬಂದದ್ದು 2004ರಲ್ಲಿ. ಏಳನೆಯ ಅಧ್ಯಾಯ ಅಮೆರಿಕದ ಹೊರಗೆ ಆ ದೇಶದ ಪ್ರಜೆಗಳನ್ನು ಮಾತ್ರ ರಕ್ಷಿಸುವುದರಿಂದ, ಇಲ್ಲಿ ದುಡಿಯುವ ಕನ್ನಡತಿಗೆ ಅನ್ವಯಿಸುವುದು 1997ರ ವಿಶಾಖಾ ತೀರ್ಪಿನಿಂದ ಹುಟ್ಟಿದ 2013ರ ಭಾರತೀಯ ಕಾಯಿದೆ. ಅದರ 13ನೆಯ ಕಲಮಿನಂತೆ ಪರಿಹಾರವನ್ನು ತಪ್ಪಿತಸ್ಥನ ಸಂಬಳದಿಂದಲೇ ಕಡಿತಗೊಳಿಸಲು ಸಮಿತಿ ಶಿಫಾರಸು ಮಾಡಬಹುದು. ಹೊಣೆಯನ್ನು ಸಂಸ್ಥೆಯ ಮೇಲಿರಿಸಿ ವಿಮೆಯಿಂದ ಹಂಚುವ ಅಮೆರಿಕದ ಕ್ರಮಕ್ಕಿಂತ ಇದು ಭಿನ್ನ. 16ನೆಯ ಕಲಮು ದೂರಿನ ವಿವರಗಳನ್ನು ಪ್ರಕಟಿಸದಂತೆ ತಡೆಯುತ್ತದೆ. ಆದರೆ ಹೆಸರು, ವಿಳಾಸ, ಗುರುತು ಬಿಟ್ಟುಕೊಡದೆ ದೊರೆತ ನ್ಯಾಯದ ಸಂಗತಿಯನ್ನು ಹೇಳಲು ಅವಕಾಶವಿದೆ. ಕಚೇರಿ ಜಾನಪದದ ಕ್ಷೇತ್ರಕಾರ್ಯಕ್ಕೆ ಹೊರಡುವ ಸಂಶೋಧಕರು ಮೊದಲು ಓದಿಕೊಳ್ಳಬೇಕಾದ ಕಲಮು ಅದು.