ಬಾಲರೋಗವೆಂಬ ಹೆಸರೂ ಪ್ರಾಯಸ್ಥ ರೋಗಿಯೂ

ರೋಗಕ್ಕೆ ಇಟ್ಟ ಹೆಸರು ಕೆಲವು ವೇಳೆ ವೈದ್ಯನ ದೃಷ್ಟಿಗೆ ಎಲ್ಲೆಯಾಗುವುದುಂಟು. 1645ರಲ್ಲಿ ಡೇನಿಯಲ್ ವಿಸ್ಲರನು ಲೈಡನ್ ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿದ ಲ್ಯಾಟಿನ್ ಪ್ರಬಂಧದಲ್ಲಿ ಮೂಳೆಗಳು ಬಾಗುವ ವ್ಯಾಧಿಯೊಂದನ್ನು ವರ್ಣಿಸಿ, ಅದು ಆಂಗ್ಲರ ಬಾಲರೋಗವೆಂದೂ, ದೇಶಭಾಷೆಯಲ್ಲಿ ಜನರು ಅದನ್ನು ‘ರಿಕೆಟ್ಸ್’ ಎನ್ನುವರೆಂದೂ ಶೀರ್ಷಿಕೆಯಲ್ಲಿಯೇ ಹೇಳಿದನು. 1650ರಲ್ಲಿ ಫ್ರಾನ್ಸಿಸ್ ಗ್ಲಿಸನನು ಬೆನ್ನೆಲುಬೆಂಬ ಅರ್ಥದ ಗ್ರೀಕ್ ಶಬ್ದವನ್ನು ಹಿಡಿದು ‘ರಾಕಿಟಿಸ್’ ಎಂಬ ಪಂಡಿತನಾಮವನ್ನು ಕಲ್ಪಿಸಿದನು. ಆಡುಮಾತಿಗೆ ಗ್ರೀಕ್ ಉಡುಪನ್ನು ತೊಡಿಸಿದ ಈ ಜಾಣ್ಮೆ ಶಬ್ದಶಾಸ್ತ್ರಜ್ಞರಿಗೆ ವಿನೋದಕರವಾದುದೇ ಸರಿ. ಹೆಸರು ಬದಲಾದರೂ ಬಾಲರೋಗವೆಂಬ ಭಾವನೆಯು ಬೇರೂರಿ ನಿಂತಿತು. ಅದೇ ದೋಷವು ಪ್ರಾಯಸ್ಥರಲ್ಲಿ ತೋರಿದಾಗ ‘ಆಸ್ಟಿಯೋಮಲೇಷಿಯ’, ಎಂದರೆ ಅಸ್ಥಿಮಾರ್ದವ, ಎಂಬ ಬೇರೆ ನಾಮವು ರೂಢಿಗೆ ಬಂದಿತು. ಎರಡರ ಮೂಲವೂ ಒಂದೇ ಎಂಬುದು ನಿಶ್ಚಿತವಾಗಲು ಬಹುಕಾಲ ಹಿಡಿಯಿತು.

ಈ ನಿಶ್ಚಯಕ್ಕೆ ನೆರವಾದುದು ಒಂದು ಮಹಾಯುದ್ಧದ ಹಸಿವು. 1914-18ರ ಯುದ್ಧವು ಮುಗಿದಾಗ ವಿಯೆನ್ನಾ ನಗರದಲ್ಲಿ ಹಾಲೂ ಬೆಣ್ಣೆಯೂ ದುರ್ಲಭವಾಗಿದ್ದುವು. ಲಂಡನ್ನಿನ ಲಿಸ್ಟರ್ ಸಂಸ್ಥೆಯ ಹ್ಯಾರಿಯೆಟ್ ಚಿಕ್ ಎಂಬ ವಿದುಷಿಯು 1919ರಲ್ಲಿ ತನ್ನ ಸಹಾಯಕರೊಡನೆ ಅಲ್ಲಿಗೆ ಹೋಗಿ, ಕ್ಲೆಮೆನ್ಸ್ ಫಾನ್ ಪಿರ್ಕೆಯ ಮಕ್ಕಳ ಆಸ್ಪತ್ರೆಯಲ್ಲಿ 1922ರ ವರೆಗೂ ಪರೀಕ್ಷೆಗಳನ್ನು ನಡೆಸಿದಳು. ಪಿರ್ಕೆಯಾದರೋ ಇದು ಅಂಟುರೋಗವೆಂದು ನಂಬಿದ್ದವನು. ಆದರೂ ತನ್ನ ಮತಕ್ಕೆ ವಿರುದ್ಧವಾದ ಪರೀಕ್ಷೆಗೆ ಆಸ್ಪತ್ರೆಯ ಬಾಗಿಲನ್ನು ತೆರೆದನು. ಇಂತಹ ಔದಾರ್ಯವು ವಿದ್ವಾಂಸರಲ್ಲಿ ಅಪರೂಪವೆಂದು ಹೇಳಿದರೆ ತಪ್ಪಾಗಲಾರದು. ಕಾಡ್ ಮೀನಿನ ಎಣ್ಣೆಯನ್ನು ಕುಡಿಸಿದರೂ, ಬಿಸಿಲಿನಲ್ಲಿ ಮಲಗಿಸಿದರೂ, ಪಾದರಸದ ದೀಪದ ಬೆಳಕನ್ನು ಹಾಯಿಸಿದರೂ ಮಕ್ಕಳ ಮೂಳೆಗಳು ಗಟ್ಟಿಯಾಗುತ್ತಿದ್ದುದು ಅಲ್ಲಿ ಸಿದ್ಧವಾಯಿತು. ನಮ್ಮ ವಿಷಯಕ್ಕೆ ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಎಲ್ಸಿ ಡ್ಯಾಲ್ಯೆಲ್ ಎಂಬ ಆಸ್ಟ್ರೇಲಿಯದ ವೈದ್ಯೆಯೂ ಚಿಕ್ಕಳೂ ಅದೇ ನಗರದ ಪ್ರಾಯಸ್ಥರ ‘ಹಸಿವಿನ ಅಸ್ಥಿಮಾರ್ದವ’ವನ್ನು ಕುರಿತು 1921ರಲ್ಲಿ ಪ್ರತ್ಯೇಕವಾದ ಲೇಖನವನ್ನು ಪ್ರಕಟಿಸಿದರು. ಬಾಲರೋಗದ ಎಲ್ಲೆಯು ಇಲ್ಲಿ ಒಡೆಯಿತೆನ್ನಬಹುದು.

1922ರಲ್ಲಿ ಅಮೆರಿಕದ ಮೆಕಾಲಮನು ಎಣ್ಣೆಯನ್ನು ಕಾಯಿಸಿ, ಅದರೊಳಗೆ ಗಾಳಿಯನ್ನು ಹಾಯಿಸಿ, ‘ಎ’ ಜೀವಸತ್ತ್ವವನ್ನು ನಾಶಮಾಡಿದ ಮೇಲೆಯೂ ಮೂಳೆಯನ್ನು ಗುಣಪಡಿಸುವ ಶಕ್ತಿ ಉಳಿದಿರುವುದನ್ನು ತೋರಿಸಿದನು. ಉಳಿದುದಕ್ಕೆ ‘ಡಿ’ ಎಂಬ ಅಕ್ಷರವು ಸಂದಿತು. ಬಿಸಿಲು ಸೋಕಿದ ಚರ್ಮವೇ ಇದನ್ನು ಸಿದ್ಧಪಡಿಸಿಕೊಳ್ಳುವುದರಿಂದ ಜೀವಸತ್ತ್ವವೆಂಬ ಹೆಸರೂ ಪೂರ್ಣವಾಗಿ ಒಪ್ಪುವುದಿಲ್ಲ. ಬಿಸಿಲಿನ ದೇಶವೆಂದು ನಾವು ಹೆಮ್ಮೆಪಡುವ ಭಾರತದಲ್ಲಿಯೂ ಈ ವ್ಯಾಧಿಯುಂಟು. ಕಾಶ್ಮೀರದಲ್ಲಿ ವೈದ್ಯೆಯಾಗಿದ್ದ ಕ್ಯಾಥ್ಲೀನ್ ವಾನ್ ಎಂಬಾಕೆ 1928ರ ತನ್ನ ಗ್ರಂಥದಲ್ಲಿ, ಪರದೆಯೊಳಗಣ ಸ್ತ್ರೀಯರ ಅಸ್ಥಿಮಾರ್ದವಕ್ಕೂ ಅವರ ಪ್ರಸವಸಂಕಟಕ್ಕೂ ಬೆಳಕಿನ ಅಭಾವವೇ ಕಾರಣವೆಂದು ವಾದಿಸಿದಳು.

ಕೊರತೆಯ ಕಥೆಯ ಬೆನ್ನಿಗೇ ಅತಿರೇಕದ ಕಥೆಯೂ ಬಂದಿತು. ಕೀಲುವಾಯುವಿಗೂ ಚರ್ಮದ ಕ್ಷಯಕ್ಕೂ 1930 ಮತ್ತು 1940ರ ದಶಕಗಳಲ್ಲಿ ಇದನ್ನು ಮಿತಿಮೀರಿ ಕೊಟ್ಟುದರಿಂದ, ರಕ್ತದಲ್ಲಿ ಸುಣ್ಣದಂಶ ಹೆಚ್ಚಿ ಮೂತ್ರಪಿಂಡಗಳು ಕೆಟ್ಟ ರೋಗಿಗಳುಂಟು. ಕೊಬ್ಬಿನಲ್ಲಿ ಕರಗುವ ವಸ್ತುವಾದುದರಿಂದ ಅದು ದೇಹದಲ್ಲಿಯೇ ಸಂಚಿತವಾಗುತ್ತದೆ. ಔಷಧವನ್ನು ನಿಲ್ಲಿಸಿದೊಡನೆ ವಿಷವು ಇಳಿಯುವುದಿಲ್ಲ.

ಈ ಎರಡು ಅಂಚುಗಳೂ ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದಲ್ಲಿ ಕೆಲವೇ ವರ್ಷಗಳ ಅಂತರದಲ್ಲಿ ಕಂಡುಬಂದುದು ವಿಚಿತ್ರ. ಹಾಲಿಗೆ ಡಿ ಜೀವಸತ್ತ್ವವನ್ನು ಬೆರಸುವ ಕ್ರಮವು ಅಲ್ಲಿ ರೂಢಿಯಲ್ಲಿದೆ. ಹೀಗೆ ಬೆರಸಿದುದು ಅತಿಯಾದ ಹಾಲನ್ನು ಕುಡಿದು ಅಸ್ವಸ್ಥರಾದ ಎಂಟು ಮಂದಿಯ ವೃತ್ತಾಂತವು 1992ರಲ್ಲಿ ಪ್ರಕಟವಾಯಿತು. 1998ರಲ್ಲಿಯಾದರೋ, ಅದೇ ಸಂಸ್ಥಾನದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಸಾಲಾಗಿ ಪರೀಕ್ಷಿಸಿದ 290 ಒಳರೋಗಿಗಳ ಪೈಕಿ ಶೇಕಡ 57 ಮಂದಿಗೆ ಕೊರತೆಯೂ, ಶೇಕಡ 22 ಮಂದಿಗೆ ತೀವ್ರವಾದ ಕೊರತೆಯೂ ಇದ್ದುದು ಪ್ರಕಟವಾಯಿತು. ಕೊರತೆಗೆ ಗೊತ್ತಾದ ಯಾವ ಕಾರಣವೂ ಇಲ್ಲದ, 65 ವರ್ಷಕ್ಕೆ ಕೆಳಗಿನವರಲ್ಲಿಯೂ ಶೇಕಡ 42 ಮಂದಿ ಇದೇ ಸಾಲಿಗೆ ಸೇರಿದ್ದರು. ಆ ಪರೀಕ್ಷಕರು ಕೊರತೆಗೆ ಹಾಕಿದ ಗೆರೆ ರಕ್ತದ್ರವದ ಮಿಲಿಲೀಟರಿಗೆ 15 ನ್ಯಾನೋಗ್ರಾಮು. ಆ ಗೆರೆಯನ್ನು 20ಕ್ಕೆ ಎಳೆಯಬೇಕೋ 30ಕ್ಕೋ ಎಂಬುದರಲ್ಲಿ ತಜ್ಞರು ಬಳಿಕವೂ ಏಕಾಭಿಪ್ರಾಯಕ್ಕೆ ಬರಲಿಲ್ಲ. ಗೆರೆಯು ಸರಿದಂತೆಲ್ಲ, ದೇಹಸ್ಥಿತಿಯಲ್ಲಿ ಯಾವ ವ್ಯತ್ಯಾಸವೂ ಆಗದೆಯೇ, ರೋಗಿಗಳ ಸಂಖ್ಯೆ ಏರುತ್ತಲೋ ಇಳಿಯುತ್ತಲೋ ಇರುತ್ತದೆ.